ಎರಡು ಮುದ್ದೆಗಳ ಸಾಂದ್ರತೆ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ರಾಗಿ ಹಿಟ್ಟು ತಳ ಹತ್ತಿದ ವಾಸನೆ ಬಂತು. ಬೇರೆಯವರಿಗೆ ಇದರಿಂದ ಹಸಿವಾಗುತ್ತದೇನೋ, ನನಗೆ ವಿಜ್ಞಾನದ ಪೀರಿಯಡ್ಡು ನೆನಪಾಗುತ್ತದೆ. ನಗಬೇಡಿ, ಕಾರಣವಿದೆ.

ತೊಂಬತ್ತರ ದಶಕದ ಮಾತು. ನಾನು ಬಿಂಡಿಗನವಿಲೆಯಿಂದ ನಾಗಮಂಗಲಕ್ಕೆ ಬಸ್ಸಿನಲ್ಲಿ ಹೋಗಿ ಒಂಬತ್ತನೇ ಕ್ಲಾಸು ಓದುತ್ತಿದ್ದೆ. ಆ ವರ್ಷವೇ ಅಣ್ಣನ ಮದುವೆಯಾಗಿ ಅತ್ತಿಗೆ ಬಂದಿದ್ದಳು. ಶ್ರೀರಂಗಪಟ್ಟಣದ ಕಡೆಯವಳು, ನಾಲೆ ನೀರಿನ ಅನ್ನ ಉಂಡು ಬೆಳೆದವಳು. ನಮ್ಮದೋ ರಾಗಿ ಸೀಮೆ. ಅವಳು ಕಟ್ಟಿದ ಮುದ್ದೆ ಒಂದು ದಿನ ತಟ್ಟೆಗೆ ಬಿದ್ದು ಠಣ್ ಎನ್ನುತ್ತಿತ್ತು, ಇನ್ನೊಂದು ದಿನ ಅಂಬಲಿಯಂತೆ ಹರಿಯುತ್ತಿತ್ತು. ಅಜ್ಜಿ ಬಂದವರ ಮುಂದೆಲ್ಲ, “ಪಟ್ಣದೋಳು ಕಣವ್ವ, ಪಿರಂಗಿ ಗುಂಡು ಕಟ್ತಾಳೆ” ಎನ್ನುವಳು. ಅತ್ತಿಗೆ ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡು ಬರುವಳು.

ಆಗಲೇ ನಮ್ಮ ವಿಜ್ಞಾನದ ಮೇಷ್ಟ್ರು ಘನವಸ್ತುಗಳ ಸಾಂದ್ರತೆ ಅಳೆಯಲು ಮನೆಯಿಂದ ಒಂದೊಂದು ವಸ್ತು ತನ್ನಿ ಎಂದರು. ವಿಜ್ಞಾನವೇ ನ್ಯಾಯ ಹೇಳಲಿ ಎಂದು ನಾನು ಮನೆಯಲ್ಲಿ ಡಂಗುರ ಸಾರಿದೆ: “ಅಜ್ಜೀದೊಂದು ಮುದ್ದೆ, ಅತ್ಗೇದೊಂದು ಮುದ್ದೆ ಬೇಕು. ಯಾರ್ದು ಗುಂಡು ಅಂತ ಸ್ಕೂಲಲ್ಲೇ ಗೊತ್ತಾಯ್ತದೆ.” ಅತ್ತಿಗೆಯ ಮುಖ ಬಾಡಿದ್ದು ಈ ಮಹಾವಿಜ್ಞಾನಿಯ ಕಣ್ಣಿಗೆ ಬೀಳಲಿಲ್ಲ. ಬೆಳಿಗ್ಗೆ ಅಜ್ಜಿ ಎಲೆಯಲ್ಲಿ ಸುತ್ತಿದ ಎರಡು ಮುದ್ದೆ ಕೊಟ್ಟು, “ದಾರ ಕಟ್ಟಿರೋದು ನಿಮ್ಮತ್ಗೇದು” ಎಂದಳು.

ಉಳಿದವರು ಕಲ್ಲು, ಬೀಗ, ಗೋಲಿ ತಂದಿದ್ದರು. ನಾನು ಎಲೆ ಬಿಚ್ಚಿದ್ದೇ ತಡ, ಹಿಂದಿನ ಬೆಂಚಿನವನೊಬ್ಬ ಎದ್ದ. “ಸಾ, ಮುದ್ದೆ ಘನ ಅಲ್ಲ ಸಾ, ಗಂಟ್ಲಲ್ಲಿ ಜಾರ್ತದೆ!”

“ಲೇ, ನಮ್ಮನೇದು ಗೋಡೆಗೆ ಒಡುದ್ರೂ ಒಡ್ಯಾಕಿಲ್ಲ ಕಣ್ಲಾ!” ಎಂದ ಇನ್ನೊಬ್ಬ.

ಮೇಷ್ಟ್ರು ಕರಾವಳಿಯವರು, ಬಂದ ಹೊಸದರಲ್ಲಿ ಮುದ್ದೆಯನ್ನು ಅಗಿದು ತಿಂದು ಊರಿಗೆಲ್ಲ ನಗೆಪಾಟಲಾಗಿದ್ದವರು. “ಆಕಾರ ಉಂಟಲ್ಲ, ಘನವೇ. ಕರಗುವ ಮೊದಲು ಮುಳುಗಿಸಿ ಮಾರಾಯರೇ!” ಎಂದರು. ತಕ್ಕಡಿಯಲ್ಲಿ ತೂಗಿ, ಮೂತಿಯಿರುವ ತಗಡಿನ ಡಬ್ಬಿಯ ನೀರಿಗೆ ಬಿಟ್ಟು, ಹೊರಚೆಲ್ಲಿದ ನೀರನ್ನು ಅಳತೆ ಜಾಡಿಗೆ ಹಿಡಿದೆವು. ಎರಡನೆಯ ಮುದ್ದೆ ಡಬ್ಬಿಯ ತಳ ಕಚ್ಚಿಕೊಂಡಿತು. ಮೇಷ್ಟ್ರೇ ಕೈ ಹಾಕಿ ಎಳೆದು, ಮೊಣಕೈವರೆಗೆ ರಾಗಿಯಾದರು. ಲೆಕ್ಕ ಹಾಕಿದರು. ಅಳಿಸಿ ಮತ್ತೆ ಹಾಕಿದರು. ಎರಡರದ್ದೂ ಒಂದೇ ಸಾಂದ್ರತೆ! ಸ್ಟಾಫ್ ರೂಮಿಗೆ ಹೋಗುವಾಗ ಒಂದು ನಾಯಿ ಅವರ ತೋಳನ್ನೇ ನೋಡುತ್ತ ಹಿಂಬಾಲಿಸಿತು.

ಸಂಜೆ ನಾನು ತೀರ್ಪು ಓದಿದೆ. ಅಜ್ಜಿ, “ಮೇಷ್ಟ್ರೇ ಯೋಳುದ್ ಮ್ಯಾಲೆ ಮುಗೀತು ಬುಡು, ಕಲ್ತವ್ಳೆ” ಎಂದಳು. ಗುಂಡಿನ ಮಾತು ಅಂದಿಗೆ ನಿಂತಿತು. ವಿಜ್ಞಾನದಿಂದ ಅತ್ತಿಗೆಯ ಮಾನ ಉಳಿಸಿದವಳು ನಾನು ಎಂದು ಮಕ್ಕಳ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದೇನೋ!

ಇವತ್ತು ಅದೇ ಗುಂಗಿನಲ್ಲಿ ಅತ್ತಿಗೆಗೆ ಫೋನು ಮಾಡಿದೆ. ಅವಳು ಬಿದ್ದುಬಿದ್ದು ನಕ್ಕಳು.

“ಅಯ್ಯೋ, ಅವತ್ತು ನಂದು ಮುದ್ದೇನೇ ಆಗ್ನಿಲ್ಲ ಕಣವ್ವ. ಒಲೆ ಮುಂದೆ ಅಳ್ತಾ ಕುಂತಿದ್ದೆ. ಅಜ್ಜಿ ಬಂದು ಎರಡ್ನೂ ತಾನೇ ಕಟ್ಬುಟ್ಟು, ‘ಬಾಯ್ ಬುಟ್ಟೀಯ, ಜ್ವಾಕೆ’ ಅಂದ್ರು.”

“ಮತ್ತೆ ನೀನು ಕಲ್ತಿದ್ದು ಯಾವಾಗ?”

“ಅವತ್ತು ಸಾಯಂಕಾಲ್ದಿಂದ್ಲೇ. ನನ್ ಕೈ ಇಡ್ಕೊಂಡು ಕಲ್ಸುದ್ರು. ಬಯ್ಕೊಂಡೇ.”

ಮಕ್ಕಳನ್ನು ಕೂರಿಸಿಕೊಂಡು ಕಥೆಯನ್ನು ಮೊದಲಿನಿಂದ ತಿದ್ದಿ ಹೇಳಿದೆ. ಈ ಸಲ ಅದರಲ್ಲಿ ನನಗೆ ಸಿಕ್ಕಿದ್ದು ಎಲೆಯ ಗಂಟು ಹೊತ್ತುಕೊಂಡು ಹೋದವಳ ಪಾತ್ರವಷ್ಟೇ.