ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿದವನು ನಾನು

ಅಕ್ಕನ ಮೀನಖಂಡಗಳು ಹುಣಸೆ ಕಟ್ಟಿಗೆಯ ಹಾಗೆ ಗಟ್ಟಿಯಾಗಿದ್ದವು. ಎಪ್ಪತ್ತು ದಾಟಿದ ಮೇಲೂ ಹಾಗಲವಾಡಿಯ ತೋಟದಲ್ಲಿ ಬಿದ್ದ ತೆಂಗಿನಕಾಯಿ ಆಯ್ದು, ಮಕ್ಕರಿ ತುಂಬ ಹೊತ್ತು, ಬದು ಹತ್ತಿ ಇಳಿಯುತ್ತಿದ್ದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದೂ ಅವಳೇ, ಹೈಸ್ಕೂಲು ಓದಿಸಿದ್ದೂ ಅವಳೇ. ಭಾವ ತೀರಿಕೊಂಡ ಮೇಲೆ ಅವಳನ್ನು ಬಟವಾಡಿಯ ನಮ್ಮ ಮನೆಗೆ ಕರೆತಂದೆ.

ಬಂದ ದಿನವೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಮುದ್ದೆ ತಿರುವಲು ನಿಂತಳು. ಆರು ಜನರ ಮುದ್ದೆ. ಕೋಲು ಹಿಡಿದ ತೋಳು ಒಂದಿಷ್ಟೂ ನಡುಗಲಿಲ್ಲ. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, "ಏನ್ ಸ್ವಾಮಿ, ಸೊಸೆ ಇದ್ರೂ ವಯಸ್ಸಾದ ಅಕ್ಕನ ಕೈಲಿ ದುಡಿಸ್ತೀರಲ್ಲ!" ಎಂದಳು.

ಅಷ್ಟೇ ಸಾಕಾಯಿತು ನನಗೆ. ಟಿವಿ ಮುಂದೆ ಅವಳಿಗೊಂದು ಕುರ್ಚಿ ಹಾಕಿಸಿದೆ. ಕುಡಿಯುವ ನೀರೂ ಅವಳ ಕೈಗೇ ಬರಬೇಕೆಂದು ಮನೆಯವರಿಗೆಲ್ಲ ತಾಕೀತು ಮಾಡಿದೆ.

"ಕೂತ ಮೈಗೆ ಕೂಳು ಹತ್ತಲ್ಲ ಕಣ್ಲಾ. ನನ್ ಕೆಲ್ಸ ನಂಗೆ ಬುಡು," ಎಂದಳು.

"ನನ್ ಮರ್ಯಾದೆ ತೆಗೀಬೇಡ, ಸುಮ್ನೆ ಕೂತ್ಕೊ ಅಕ್ಕ," ಎಂದೆ.

ನನ್ನ ಮಾತಿಗೆ ಕೂತಳು. ಎರಡು ವರ್ಷದಲ್ಲಿ ಕಾಲು ಬತ್ತಿ ಹೋದವು. ಒಂದು ಬೆಳಿಗ್ಗೆ ಲಿಂಗಪೂಜೆಗೆ ನೆಲದಲ್ಲಿ ಕೂತವಳು ಏಳಲು ಹೋಗಿ ಬಿದ್ದಳು. ಮಣಿಕಟ್ಟು ಮುರಿಯಿತು.

ಕ್ಲಿನಿಕ್ಕಿನ ಡಾಕ್ಟರಮ್ಮ ಅವಳ ಕಾಲು ಒತ್ತಿ ನೋಡಿ, "ಇವರನ್ನ ಹೀಗೆ ಕೂರ್ಸಿದ್ದು ಯಾರು? ಓಡಾಡ್ದೆ ಇದ್ರೆ ಮಾಂಸ ಕರಗತ್ತೆ, ಮೂಳೆನೂ ಟೊಳ್ಳಾಗತ್ತೆ," ಎಂದರು.

"ಎಷ್ಟು ಹೇಳಿದ್ರೂ ಇವಳೇ ಏಳಲ್ಲ ಮೇಡಂ," ಎಂದುಬಿಟ್ಟೆ.

ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದಳು. "ಊಂ ಕಣವ್ವ, ನಂದೇ ಸೋಮಾರಿತನ," ಎಂದಳು.

ಕೈ ಕೂಡಿಕೊಂಡ ಮೇಲೆ ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ ಅದೇ ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು ಶುರುವಾಯಿತು. ಮೊದಲ ವಾರ ಮೂರು ಸಲಕ್ಕೇ ಏದುಸಿರು. ಆದರೂ ಎದ್ದಾಗಲೆಲ್ಲ, "ನೋಡ್ಲಾ, ನಿಂತೆ. ಹೋಯ್ತಾ ನಿನ್ ಮರ್ವಾದೆ?" ಎಂದು ಅಣಕಿಸುತ್ತಿದ್ದಳು. ಆರೇಳು ತಿಂಗಳಿಗೆ ಮತ್ತೆ ಮುದ್ದೆ ಕೋಲು ಹಿಡಿದಳು. ಮೊದಲಿನ ಬಿರುಸು ಬರಲಿಲ್ಲ, ನಿಜ. ಆದರೆ ಕೊನೆಯವರೆಗೂ ಬಚ್ಚಲಿಗೆ ಹೋಗಲು ಅವಳಿಗೆ ಯಾರ ತೋಳೂ ಬೇಕಾಗಲಿಲ್ಲ.

ಹೋದ ವರ್ಷ ತೀರಿಕೊಂಡಳು. ಕಾರ್ಯದ ದಿನ ಪಂಕ್ತಿಯಲ್ಲಿ ಕೂತ ನೆಂಟರೊಬ್ಬರು, "ಬಂಗಾರದಂಥೋಳು. ನಡುವೆ ಒಂದೆರಡು ವರ್ಷ ಮೈಗಳ್ಳತನ ಮಾಡಿ ಕೈ ಮುರ್ಕೊಂಡ್ಲಂತೆ, ಪಾಪ," ಎಂದರು.

ಬಡಿಸುತ್ತಿದ್ದವನು ನಾನೇ. ಅವರ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿ ಮುಂದೆ ಹೋದೆ.