ಪ್ಲಾಸ್ಟರ್ ಅಕ್ಕನ ರುಜು

ಆಸ್ಪತ್ರೆಯಲ್ಲಿ ನನ್ನ ಅಕ್ಕನನ್ನು ಎಲ್ಲರೂ ಪ್ಲಾಸ್ಟರ್ ಅಕ್ಕ ಅಂತಲೇ ಕರೆಯುತ್ತಾರೆ. ಹದಿನೆಂಟು ವರ್ಷದಿಂದ ಅವಳ ಕೆಲಸ ಒಂದೇ. ಮುರಿದ ಕೈಕಾಲಿಗೆ ಹತ್ತಿ ಸುತ್ತುವುದು, ಬ್ಯಾಂಡೇಜನ್ನು ಬಕೆಟ್ಟಿನ ನೀರಲ್ಲಿ ಅದ್ದಿ ಹಿಂಡಿ ಕಟ್ಟುವುದು, ವಾರಗಳು ಕಳೆದ ಮೇಲೆ ಕೊಯ್ದು ಬಿಚ್ಚುವುದು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಬಿಳಿ ಹುಡಿ ಉಳಿದೇ ಇರುತ್ತದೆ. ಅವಳ ಕೈಚಳಕಕ್ಕೆ ಹೆಸರಿದೆ. ತಲೆ ಮಾತ್ರ ಆ ಕೆಲಸದಿಂದ ಕೆಟ್ಟಿದೆ ಎಂದು ತಂಗಿಯಾದ ನಾನು ಧಾರಾಳವಾಗಿ ಹೇಳುತ್ತೇನೆ. ಅವಳಿಗೆ ಸೈಕಲ್ಲಿನಲ್ಲಿ ಸೈಕಲ್ ಕಾಣುವುದಿಲ್ಲ, ಭುಜದ ಮೂಳೆ ಕಾಣುತ್ತದೆ. ಉಯ್ಯಾಲೆ ಅಂದರೆ ಮೊಣಕೈ. ಹಾಗಾಗಿ ಅವಳ ಮಗಳು ಸೈಕಲ್ಲೂ ಕಲಿಯಲಿಲ್ಲ, ಉಯ್ಯಾಲೆಯನ್ನೂ ಹತ್ತಲಿಲ್ಲ.

ಆ ಮಗಳಿಗೆ ಈಗ ಹದಿನಾಲ್ಕು. ಶಾಲೆಯ ಕೆಡೆಟ್ ಪಡೆ ಸೇರಬೇಕೆಂದು ಹಟ ಹಿಡಿದಿದ್ದಳು. "ಗೋಡೆ ಹತ್ತಿಸ್ತಾರೆ, ಹಗ್ಗ ಹಿಡಿದು ಇಳಿಸ್ತಾರೆ. ಕಾಲಿನ ಗಿಣ್ಣು ಹೋಗುತ್ತೆ" ಎಂದು ಅಕ್ಕ ಒಂದೇ ಮಾತಲ್ಲಿ ಮುಗಿಸಿದ್ದಳು. ಒಪ್ಪಿಗೆ ಪತ್ರ ಸೋಮವಾರ ಬೆಳಿಗ್ಗೆ ಕೊಡಬೇಕು. ಶನಿವಾರ ಹುಡುಗಿ ನನ್ನ ಮನೆಗೆ ಬಂದಳು.

"ಚಿಕ್ಕಮ್ಮ, ಅಮ್ಮನ್ನ ನೀನೇ ಒಪ್ಪಿಸ್ಬೇಕು. ಕ್ಲಾಸಲ್ಲಿ ಎಲ್ಲರೂ ನನ್ನ ಗಾಜಿನ ಗೊಂಬೆ ಅಂತಾರೆ."

ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅಕ್ಕನ ಅಡುಗೆಮನೆಯ ಮೇಜಿನ ಮುಂದೆ ಕೂತೆ. ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು. ಶಿಸ್ತು ಅಂದೆ, ಧೈರ್ಯ ಅಂದೆ, ಮೇಷ್ಟ್ರು ಪಕ್ಕದಲ್ಲೇ ಇರುತ್ತಾರೆ ಅಂದೆ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

"ಬಿದ್ದೋರನ್ನ ನೀನು ನೋಡಿಲ್ಲ, ನಾನು ದಿನಾ ನೋಡ್ತೀನಿ" ಎಂದಳು. ಆದರೂ ಓದದೇ ಬೇಡ ಅಂದಳು ಎಂಬ ಮಾತು ಬರಬಾರದಲ್ಲ, ಪತ್ರವನ್ನು ಎಳೆದುಕೊಂಡು ಪೆನ್ನು ಹಿಡಿದು ಒಂದೊಂದೇ ಪ್ರಶ್ನೆ ಓದಿದಳು. ಏಳನೆಯದು, ಈ ಹಿಂದೆ ಮೂಳೆ ಮುರಿದಿದೆಯೇ?

ಅಕ್ಕನ ಮುಖ ಅರಳಿತು. "ರುಜು ಅಂತೂ ಹಾಕಲ್ಲ. ಆದ್ರೆ ಇದಕ್ಕೆ ಮಾತ್ರ ತಲೆ ಎತ್ತಿ ಉತ್ತರ ಬರೀತೀನಿ" ಎಂದು ದಪ್ಪ ಅಕ್ಷರದಲ್ಲಿ "ಇಲ್ಲ" ಎಂದು ಬರೆದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನದೇ ಎಡ ಮಣಿಕಟ್ಟನ್ನು ಮುಟ್ಟಿಕೊಂಡೆ. ಐದು ವರ್ಷದ ಹಿಂದೆ ಅಕ್ಕ ತರಬೇತಿಗೆಂದು ಎರಡು ತಿಂಗಳು ದೂರದ ಆಸ್ಪತ್ರೆಗೆ ಹೋಗಿದ್ದಾಗ ಮಗು ನನ್ನ ಮನೆಯಲ್ಲಿತ್ತು. ಮೊದಲ ವಾರವೇ ನಮ್ಮ ಅಟ್ಟದ ಏಣಿಯಿಂದ ಬಿದ್ದು ಎಡಗೈ ಮುರಿದುಕೊಂಡಿತು. ಅಕ್ಕನ ಆಸ್ಪತ್ರೆ ಬಿಟ್ಟು ಬೇರೆ ಕಡೆ ಕಟ್ಟು ಹಾಕಿಸಿದೆ. ಭಾವ ಲಾರಿ ಓಡಿಸುವವರು, ಆಗ ಎಲ್ಲೋ ದಾರಿಯಲ್ಲಿದ್ದರು. "ಅವಳಿಗೆ ಹೇಳ್ಬೇಡ, ತರಬೇತಿ ಬಿಟ್ಟು ಓಡಿ ಬರ್ತಾಳೆ" ಎಂದು ಫೋನಿನಲ್ಲಿ ಅಂದರು. ಅಕ್ಕ ಮರಳುವಷ್ಟರಲ್ಲಿ ಕಟ್ಟು ಬಿಚ್ಚಿಯಾಗಿತ್ತು. ಆಮೇಲೆ ಹೇಳೋಣ, ಆಮೇಲೆ ಹೇಳೋಣ ಅಂತ ಐದು ವರ್ಷ ತಳ್ಳಿದೆವು. ಈಗ ಹೇಳಿದರೆ ಪತ್ರ ಹರಿದು ಬುಟ್ಟಿಗೆ ಹೋಗುವುದು ಖಂಡಿತ, ಹುಡುಗಿಯ ಆಸೆಯೂ ಅದರ ಜೊತೆಗೇ. ನಾನು ತುಟಿ ಹೊಲಿದುಕೊಂಡು ಕೂತೆ.

ಬಾಯಿ ತೆರೆದವಳು ಹುಡುಗಿ. "ಅಮ್ಮ, ಅದು ಸುಳ್ಳಾಗುತ್ತೆ."

ಮಿಕ್ಕಿದ್ದನ್ನು ನಾನೇ ಹೇಳಿದೆ. ಅಷ್ಟಾದರೂ ಮಾನ ನನಗಿದೆ.

ಅಕ್ಕ ಕೂಗಾಡಲಿಲ್ಲ. ಮಗಳ ಎಡಗೈ ಎಳೆದುಕೊಂಡು ಮಣಿಕಟ್ಟನ್ನು ಹೆಬ್ಬೆರಳಲ್ಲಿ ಒತ್ತಿದಳು, ತಿರುಗಿಸಿದಳು, ಬಗ್ಗಿಸಿದಳು. ಇನ್ನೊಂದು ಕೈಯನ್ನು ಪಕ್ಕಕ್ಕಿಟ್ಟು ಎರಡನ್ನೂ ನೋಡಿದಳು. "ಗುರುತೇ ಇಲ್ಲ" ಎಂದಳು. ಕೈ ಬಿಟ್ಟು ನನ್ನ ಕಡೆ ತಿರುಗಿದಳು.

"ಅಂದ್ರೆ, ನಾನು ಇಷ್ಟು ವರ್ಷ ಯಾವುದಕ್ಕೆ ಹೆದರ್ಕೊಂಡು ಕೂತಿದ್ನೋ ಅದು ಆಗಿಹೋಗಿದೆ. ವಾಸಿನೂ ಆಗಿದೆ."

"ಹೌದಕ್ಕ."

"ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ." ಮಗಳನ್ನು ಕೇಳಿದಳು, "ತುಂಬಾ ಅತ್ಯೇನೇ?"

"ಸ್ವಲ್ಪ."

"ನಾನು ಪಕ್ಕದಲ್ಲಿ ಇರ್ಲಿಲ್ಲ."

"ಪ್ಲಾಸ್ಟರ್ ಹಾಕೋವಾಗ ಅವರು ಬೆರಳ ತುದಿನೂ ಮುಚ್ಚಿಬಿಟ್ರು. ಮುಚ್ಚಬೇಡಿ, ಬೆರಳಿನ ಬಣ್ಣ ಕಾಣ್ತಿರ್ಬೇಕು, ನಮ್ಮಮ್ಮ ಹಾಗೇ ಹೇಳೋದು ಅಂದೆ. ಬಿಚ್ಚಿ ಮತ್ತೆ ಕಟ್ಟಿದ್ರು."

ಅಕ್ಕ ಮೊದಲು ನಕ್ಕಳು, ಆಮೇಲೆ ತೋಳಿನಿಂದ ಕಣ್ಣೊರೆಸಿಕೊಂಡಳು. ಐದು ವರ್ಷದಿಂದ ನನ್ನ ಗಂಟಲಲ್ಲಿ ಸಿಕ್ಕಿದ್ದ ಮುಳ್ಳು ಇಳಿಯಿತು. ಅಬ್ಬ, ಬೈಗುಳ ಇನ್ನೂ ಬಾಕಿಯಿದ್ದರೂ ಅಷ್ಟು ಹಗುರಾಗಿ ಉಸಿರಾಡಿದ್ದು ನೆನಪಿಲ್ಲ.

ಅವಳು "ಇಲ್ಲ" ಎಂಬುದಕ್ಕೆ ಗೀಟು ಹಾಕಿ ಪಕ್ಕದಲ್ಲಿ ಬರೆದಳು: "ಹೌದು. ಎಡಗೈ. ಅವಳೇ ನೋಡಿಕೊಂಡಳು." ಆಮೇಲೆ ಕೆಳಗೆ ರುಜು ಹಾಕಿದಳು.