ಚಪ್ಪಡಿ ಸಂದಿಯ ಹುಲ್ಲು ಎಲ್ಲಿಂದ ಬರುತ್ತಿತ್ತು

ನಮ್ಮ ಮನೆಯ ಮುಂದಿನ ಅಂಗಳದಲ್ಲಿ ಹುಲ್ಲು ಬೆಳೆಯುತ್ತಿತ್ತು, ಮನೆಗೂ ಕಾಂಪೌಂಡಿಗೂ ನಡುವಿನ ಪಕ್ಕದ ಓಣಿಯಲ್ಲಿ ಬೆಳೆಯುತ್ತಿರಲಿಲ್ಲ. ಎರಡೂ ಕಡೆ ಹಾಸಿದ್ದು ಒಂದೇ ಲೋಡಿನ ಚಪ್ಪಡಿ, ಹಾಸಿದವನು ಒಬ್ಬನೇ ಮೇಸ್ತ್ರಿ, ಕೆಳಗೆ ಹರಡಿದ್ದು ಒಂದೇ ಮರಳು. ಇಷ್ಟು ಸರಳವಾದ ವಿಷಯ ನನ್ನ ಕಣ್ಣಿಗೆ ಬೀಳಲು ಒಂದೂವರೆ ಮಳೆಗಾಲ ಬೇಕಾಯಿತು.

ದೊಡ್ಡಬಳ್ಳಾಪುರದಿಂದ ಏಳೆಂಟು ಕಿಲೋಮೀಟರ್ ಒಳಗಿನ ಊರು ನಮ್ಮದು. ಮೊದಲು ಅಂಗಳ ಮಣ್ಣಿನದೇ ಆಗಿತ್ತು. ಮಳೆ ಬಂದರೆ ಕೆಸರು ನಡುಮನೆಯವರೆಗೂ ಕಾಲಲ್ಲಿ ಬರುತ್ತಿತ್ತು. ಅದಕ್ಕೇ ಚಪ್ಪಡಿ ಹಾಕಿಸಿದೆವು. ಸಂದಿಗಳಿಗೆ ಸಿಮೆಂಟ್ ತುಂಬೋಣ ಎಂದಾಗ ಮೇಸ್ತ್ರಿ, "ಬೇಡ ಅಕ್ಕ, ನೀರು ಕೆಳಕ್ಕೆ ಇಂಗ್ಲಿ ಬಿಡಿ," ಎಂದ. ನೀರು ಇಂಗಿತು. ನೀರಿನ ಹಿಂದೆಯೇ ಹುಲ್ಲೂ ಬಂತು. ಗರಿಕೆ, ಅಣ್ಣೆ ಸೊಪ್ಪು, ಅಲ್ಲೊಂದು ಇಲ್ಲೊಂದು ಕಾಂಗ್ರೆಸ್ ಗಿಡ, ಬಾಗಿಲ ಎಡಕ್ಕೆ ಕೊನ್ನಾರಿ ಹುಲ್ಲು. ನಾನು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ವಾರಕ್ಕೆ ಸಿಗುವ ಒಂದು ಭಾನುವಾರ ಕುಕ್ಕುರುಗಾಲಲ್ಲಿ ಕೂತು ಹುಲ್ಲು ಕೀಳುವುದರಲ್ಲೇ ಹೋಗುತ್ತಿತ್ತು.

ನನ್ನ ಸೊಂಟನೋವು ನೋಡಲಾರದೆ ನನ್ನ ಗಂಡ ಒಂದು ದಿನ ಗೊಬ್ಬರದ ಅಂಗಡಿಯಿಂದ ಕಳೆನಾಶಕದ ಬಾಟಲಿ ತಂದರು. ಬೆನ್ನಿಗೆ ಹಾಕುವ ಸ್ಪ್ರೇಯರನ್ನೂ ಯಾರದೋ ಮನೆಯಿಂದ ಕೇಳಿ ತಂದಿದ್ದರು. ಅದಕ್ಕೆ ನೀರು ತುಂಬುತ್ತಿದ್ದಾಗ ಎದೆಯೆತ್ತರದ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆ ಇಣುಕಿದಳು. ಆಕೆಯದು ಒಂದು ಹಸು, ಅರ್ಧ ಎಕರೆ ಹಿಪ್ಪುನೇರಳೆ, ಹಿತ್ತಲಲ್ಲಿ ರೇಷ್ಮೆ ಹುಳು ಸಾಕುವ ಮನೆ. ಹಿಪ್ಪುನೇರಳೆ ತೋಟ ನಮ್ಮ ಕಾಂಪೌಂಡಿಗೆ ತಾಗಿಯೇ ಶುರುವಾಗುತ್ತದೆ.

"ಅಣ್ಣಾ, ಏನು ಹೊಡೀತಿದ್ದೀರಾ?"

"ಹುಲ್ಲಿನ ಔಷಧಿ ಕಣಮ್ಮ. ಅಂಗಳಕ್ಕಷ್ಟೇ."

"ನಮ್ ಹುಳ ಮೂರನೇ ಜ್ವರದಿಂದ ಎದ್ದವೆ ಅಣ್ಣಾ. ಈಗ ಸೊಪ್ಪು ಹಾಕಿದಷ್ಟೂ ಮೇಯ್ತವೆ. ಗಾಳಿ ಈ ಕಡೀಕೆ ಐತೆ."

ಪೊರೆ ಬಿಡುವ ಮೊದಲು ಹುಳು ಮೇಯದೆ ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹೊಡೆಯಬೇಡಿ ಎಂದು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಗೋಡೆಯ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತಳು. ನನ್ನ ಗಂಡ ಸ್ಪ್ರೇಯರಿನ ನೀರನ್ನು ಚೆಲ್ಲಿ, ಸೀಲು ಒಡೆಯದ ಬಾಟಲಿಯನ್ನು ಅವತ್ತು ಸಂಜೆಯೇ ಅಂಗಡಿಗೆ ವಾಪಸು ಕೊಟ್ಟು ಬಂದರು.

ಆಮೇಲೆ ಶುರುವಾದದ್ದು ನಮ್ಮದೇ ಪ್ರಯೋಗಗಳು. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ ಅವರು ಸಂದಿಗಳಿಗೆ ಕಲ್ಲುಪ್ಪು ಸುರಿದರು. ಹುಲ್ಲು ಬಾಡಿದ್ದೇನೋ ನಿಜ. ಆದರೆ ಮಳೆ ಬಂದು ಉಪ್ಪೆಲ್ಲ ಕರಗಿ, ಅಂಗಳದ ಮೂಲೆಯಲ್ಲಿ ಅತ್ತೆ ನೆಟ್ಟಿದ್ದ ಕರಿಬೇವಿನ ಬುಡಕ್ಕೆ ಹರಿಯಿತು. ಹದಿನೈದು ದಿನಕ್ಕೆ ಅದರ ಎಲೆಯ ಅಂಚು ಕಂದು ತಿರುಗಿತು, ಚಪ್ಪಡಿಯ ಮೇಲೆ ಬಿಳಿ ಕಲೆ ಉಳಿಯಿತು. ನಮ್ಮ ಅತ್ತೆ ಮೂರು ದಿನ ಮಗನ ಜೊತೆ ನೆಟ್ಟಗೆ ಮಾತಾಡಲಿಲ್ಲ. ನಂತರ ನಾನು ಸ್ನಾನದ ಹಂಡೆಯಲ್ಲಿ ಕುದಿಯುವ ನೀರನ್ನು ತಂಬಿಗೆಯಲ್ಲಿ ತಂದು ಸಂದಿಗೆ ಹೊಯ್ದು ನೋಡಿದೆ. ಇದು ಎಷ್ಟೋ ವಾಸಿ. ಎಳೆ ಸಸಿಗಳು ಗಂಟೆಯೊಳಗೆ ಬೇಯಿಸಿದ ಸೊಪ್ಪಿನಂತೆ ಮಲಗಿದವು, ಮತ್ತೆ ಏಳಲಿಲ್ಲ. ಕೊನ್ನಾರಿ ಮಾತ್ರ ನಾಲ್ಕೇ ದಿನಕ್ಕೆ ಹಸಿರು ಸೂಜಿಯ ಹಾಗೆ ಮತ್ತೆ ತಲೆ ಎತ್ತಿತು. ಮುಂದಿನ ಮಳೆ ಬಿದ್ದ ವಾರಕ್ಕೆ ಉಳಿದವೂ ಹೊಸದಾಗಿ ಮೊಳೆತು ಸಾಲಾಗಿ ನಿಂತಿದ್ದವು.

ಹೀಗೆ ನೀರು ಹೊಯ್ಯುತ್ತಾ ಓಣಿಯ ಕಡೆ ತಿರುಗಿದಾಗಲೇ ಅಲ್ಲಿ ಏನೂ ಇಲ್ಲದ್ದು ಕಂಡದ್ದು. ನೆರಳಿರಬಹುದು ಎಂದುಕೊಂಡೆ. ಆದರೆ ಮಧ್ಯಾಹ್ನ ಪೂರ್ತಿ ಅಲ್ಲಿ ಬಿಸಿಲು. ಬಟ್ಟೆ ಒಣಗುವುದೇ ಅಲ್ಲಿ. ನೀರೂ ಕಡಿಮೆಯಿಲ್ಲ.

ಗಾರ್ಮೆಂಟ್ಸ್‌ನಲ್ಲಿ ನನ್ನದು ಚೆಕಿಂಗ್ ಕೆಲಸ. ಹೊಲಿದು ಬಂದ ಶರ್ಟಿನಲ್ಲಿ ತಪ್ಪು ಹುಡುಕಿ ವಾಪಸು ಕಳಿಸುವುದು. ಒಂದೇ ಥರದ ತಪ್ಪು ಹತ್ತು ಪೀಸಿನಲ್ಲಿ ಕಂಡರೆ ಪೀಸು ಸರಿ ಮಾಡುತ್ತಾ ಕೂರುವುದಿಲ್ಲ, ಎದ್ದು ಹೋಗಿ ಯಾವ ಮೆಷಿನ್ನಿಂದ ಬರುತ್ತಿದೆ ಎಂದು ನೋಡುತ್ತೇವೆ. ಹದಿನಾಲ್ಕು ವರ್ಷದ ಆ ಅಭ್ಯಾಸ ಮನೆಯ ಅಂಗಳದಲ್ಲಿ ಯಾಕೆ ಕೆಲಸ ಮಾಡಲಿಲ್ಲವೋ ಗೊತ್ತಿಲ್ಲ. ಆ ಭಾನುವಾರ ಕೀಳುವುದನ್ನು ಬಿಟ್ಟು ಸುಮ್ಮನೆ ನೋಡುತ್ತಾ ಓಡಾಡಿದೆ. ಹುಲ್ಲು ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಬಾಗಿಲ ಮುಂದೆ, ರಂಗೋಲಿ ಹಾಕುವ ಜಾಗದ ಸುತ್ತ ದಟ್ಟವಾಗಿತ್ತು. ಗೇಟಿನ ಕಡೆ ಹೋದಂತೆ ತೆಳುವಾಗುತ್ತಿತ್ತು. ಗೇಟಿನ ಹತ್ತಿರ ಮತ್ತೆ ಒಂದು ಗುಂಪು, ಅಲ್ಲಿ ಬರೀ ಕಾಂಗ್ರೆಸ್ ಗಿಡ.

ಉತ್ತರ ಸಿಕ್ಕಿದ್ದು ಮುಂದಿನ ವಾರ, ಅತ್ತೆಯ ಮಣಿಕಟ್ಟು ಉಳುಕಿದಾಗ. ಅತ್ತೆ ದಿನಾ ಬೆಳಿಗ್ಗೆ ಪಕ್ಕದ ಮನೆಯ ಹಸುವಿನ ಸಗಣಿಯನ್ನು ಬಕೆಟ್ಟಿನಲ್ಲಿ ಕಲೆಸಿ ಬಾಗಿಲ ಮುಂದೆ ಹಾಕಿ ಆಮೇಲೆ ರಂಗೋಲಿ ಬಿಡುತ್ತಾರೆ. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುವವರಲ್ಲ. ಕೈ ನೋವೆಂದು ಒಂದು ವಾರ ನನ್ನ ಪಾಲಿಗೆ ಬಂತು. ಸಗಣಿ ಕಲೆಸುವಾಗ ಬೆರಳಿಗೆ ಸಣ್ಣ ಸಣ್ಣದು ಏನೋ ಉರುಟುರುಟಾಗಿ ಸಿಕ್ಕಿತು. ಒಂದು ಹಿಡಿ ತೆಗೆದು ಹಳೆಯ ಟೀ ಸೋಸುವ ಜರಡಿಯಲ್ಲಿ ನಲ್ಲಿಯ ಕೆಳಗೆ ತೊಳೆದೆ. ನಾರೆಲ್ಲ ಹೋದ ಮೇಲೆ ಉಳಿದದ್ದು ಕಪ್ಪಗೆ ಮಿರಮಿರ ಮಿನುಗುವ ಬೀಜ, ಸಾಸಿವೆಗಿಂತ ಸಣ್ಣವು. ಅಣ್ಣೆ ಸೊಪ್ಪಿನ ಬೀಜ ಎಂದು ನೋಡಿದ ಕೂಡಲೇ ಗೊತ್ತಾಯಿತು. ಹಸು ಕೆರೆ ಅಂಗಳದಲ್ಲಿ ಮೇಯ್ದು ಬರುತ್ತದೆ, ಬೀಜ ಅದರ ಹೊಟ್ಟೆಯೊಳಗೆ ಊರು ಸುತ್ತಿ ನಮ್ಮ ಬಾಗಿಲಿಗೆ ಬರುತ್ತದೆ. ಓಣಿಗೆ ಯಾರೂ ಸಗಣಿ ನೀರು ಹಾಕುವುದಿಲ್ಲವಲ್ಲ.

ನನಗೆ ಎಷ್ಟು ಖುಷಿಯಾಯಿತೋ ಅಷ್ಟೇ ಭಯವೂ ಆಯಿತು. ಇದನ್ನು ಅತ್ತೆಗೆ ಹೇಳುವುದು ಹೇಗೆ? ನಿಜವೋ ಸುಳ್ಳೋ ಮೊದಲು ನಾನೇ ಖಾತ್ರಿ ಮಾಡಿಕೊಳ್ಳಬೇಕು ಎನ್ನಿಸಿತು. ಭಾನುವಾರ ಹಿತ್ತಲ ಒಲೆಯ ಮೇಲೆ ಹಳೆಯ ಬಾಂಡಲಿ ಇಟ್ಟು, ಇದ್ದಬದ್ದ ಬೀಜವೆಲ್ಲ ಸಾಯಲಿ ಎಂದು ಮಣ್ಣು ಹುರಿಯತೊಡಗಿದೆ. ಬಿಸಿ ಮಣ್ಣಿನ ವಾಸನೆಗೆ ಅತ್ತೆ ಎದ್ದು ಬಂದರು.

"ಏನಮ್ಮಾ ಇದು, ಮಣ್ಣು ಹುರೀತಿದ್ದೀಯಾ? ಬೆಲ್ಲ ಹಾಕಿ ಉಂಡೆ ಕಟ್ತೀಯೇನು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಜರಡಿ ತಂದು ಬೀಜ ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಅಂಗೈಯಲ್ಲಿ ಉರುಳಿಸಿ ನೋಡಿದರು. ಮುಖ ಸಣ್ಣಗಾಯಿತು.

"ಅಂದ್ರೆ ಇಷ್ಟು ದಿನ ನಾನೇ ಬಿತ್ತಿದೆ, ನೀನು ಕಿತ್ತೆ. ಅದೇ ತಾನೇ ನೀನು ಹೇಳೋದು?"

"ಹಂಗಲ್ಲ ಅತ್ತೆ. ಹೌದೋ ಅಲ್ವೋ ನೋಡೋಣ ಅಂತ ಅಷ್ಟೇ."

ಅವರು ಒಳಗೆ ಹೋದರು. ನಾನು ಎರಡು ಐಸ್‌ಕ್ರೀಮ್ ಡಬ್ಬಿಗೆ ಹುರಿದ ಮಣ್ಣು ತುಂಬಿ, ಒಂದಕ್ಕೆ ಸಗಣಿ ನೀರು, ಇನ್ನೊಂದಕ್ಕೆ ಬರೀ ನಲ್ಲಿ ನೀರು ಹಾಕಿ ಕಿಟಕಿಯ ಕೆಳಗೆ ಇಟ್ಟೆ. ಊಟದ ಹೊತ್ತಿನಲ್ಲಿ ಸಾರು ಬಡಿಸಿದರೆ ಅತ್ತೆ ತಟ್ಟೆ ಮುಂದೆ ತಳ್ಳಿದರು, ಅಷ್ಟೇ.

ಮಾರನೇ ದಿನ ಕೆಲಸದಿಂದ ಬಂದಾಗ ಕಿಟಕಿಯ ಕೆಳಗೆ ಮೂರು ಡಬ್ಬಿ ಇದ್ದವು. ಮೂರನೆಯದು ಒಡೆದ ಪ್ಲಾಸ್ಟಿಕ್ ಮಗ್ಗು.

"ಇದ್ಯಾವುದು ಅತ್ತೆ?"

"ಅದು ನಿನ್ ಗಂಡಂದು," ಎಂದರು, ನನ್ನ ಕಡೆ ನೋಡದೆ ಸೊಪ್ಪು ಬಿಡಿಸುತ್ತಾ. "ದಿನಾ ಬೆಳಿಗ್ಗೆ ಹೊಲಕ್ಕೆ ಗಾಡಿ ತಗೊಂಡು ಹೋಗ್ತಾನೆ, ಬಂದು ಗೇಟಿನೊಳಗೆ ನಿಲ್ಲಿಸಿ ನೀರು ಹುಯ್ತಾನೆ. ಚಕ್ರದ ಮಣ್ಣು ಕೆರೆದು ಹಾಕಿವ್ನಿ. ನಿನ್ ಬಾಂಡಲೀಲಿ ಮಿಕ್ಕಿದ್ದ ಮಣ್ಣೇ. ತಪ್ಪು ನಂದೊಂದೇನಾ ಅಂತ ನಾನೂ ನೋಡ್ಬೇಕಲ್ಲ."

ಅಲ್ಲಿಂದ ಮುಂದೆ ಆ ಡಬ್ಬಿಗಳು ನನ್ನವಾಗಿ ಉಳಿಯಲಿಲ್ಲ. ನೀರು ಹಾಕುವುದು, ಕೋಳಿ ಕೆದಕದಂತೆ ಮಂಕರಿ ಮುಚ್ಚುವುದು, ಎಲ್ಲ ಅತ್ತೆಯದೇ ಆಯಿತು. ನಾನು ಫ್ಯಾಕ್ಟರಿಯ ವ್ಯಾನಿನಿಂದ ಇಳಿದು ಬರುವಾಗ ಗೇಟಿನಲ್ಲೇ ವರದಿ ಸಿಗುತ್ತಿತ್ತು. ಐದನೇ ದಿನ, "ನಂದು ಮೊಳೆತದೆ ಕಣಮ್ಮ, ನೀನು ಹೇಳಿದ್ದು ನಿಜ," ಎಂದರು. ಬೇಜಾರಿನ ಧ್ವನಿ ಅಲ್ಲ ಅದು. ಎಂಟನೇ ದಿನ ಮಗನನ್ನು ಊಟದಿಂದ ಎಬ್ಬಿಸಿ ಕರೆದುಕೊಂಡು ಹೋದರು. "ಬಾರೋ ಇಲ್ಲಿ, ನಿನ್ ಬೆಳೆ ನೋಡು ಬಾ." ಮಗ್ಗಿನಲ್ಲಿ ಕಾಂಗ್ರೆಸ್ ಗಿಡದ ಸಸಿಗಳು ಒತ್ತಾಗಿ ನಿಂತಿದ್ದವು. ನನ್ನ ಗಂಡ ಎಡಗೈಯಲ್ಲಿ ತಲೆ ಕೆರೆದುಕೊಂಡು, "ನಾನೇನವ್ವ ಮಾಡ್ಲಿ, ಚಕ್ರ ಇಲ್ದೆ ಗಾಡಿ ಓಡಿಸ್ಲಾ?" ಎಂದರು. ಅತ್ತೆ ಜೋರಾಗಿ ನಕ್ಕರು. ಆ ನಗು ಕೇಳಿ ನನ್ನ ಮನಸ್ಸು ಹಗುರಾಯಿತು.

ಏನೂ ಬರಬಾರದಿದ್ದ ನಲ್ಲಿ ನೀರಿನ ಡಬ್ಬಿಯಲ್ಲೂ ಹನ್ನೊಂದನೇ ದಿನ ಒಂದೇ ಒಂದು ಮೊಳಕೆ ಕಂಡಿತು. ನಾನು ಸರಿಯಾಗಿ ಹುರಿದಿರಲಿಲ್ಲವೋ, ಗಾಳಿ ತಂದಿತೋ, ಇರುವೆ ತಂದಿತೋ ಇವತ್ತಿಗೂ ಗೊತ್ತಿಲ್ಲ. "ಎಲ್ಲಾನೂ ಹಿಡ್ಯಕ್ಕಾಗಲ್ಲ ಬಿಡು," ಎಂದು ಅತ್ತೆಯೇ ನನಗೆ ಸಮಾಧಾನ ಹೇಳಿದರು.

ಕೊನ್ನಾರಿಯ ಕಥೆಯೂ ಅವರಿಂದಲೇ ಬಿಚ್ಚಿಕೊಂಡಿತು. ಬಾಗಿಲ ಎಡಕ್ಕೆ ಮೊದಲು ಅವರದೊಂದು ಕನಕಾಂಬರದ ಪಾತಿ ಇತ್ತಂತೆ, ಆ ಪಾತಿಯಲ್ಲಿ ಆಗಲೇ ಕೊನ್ನಾರಿ ಇತ್ತಂತೆ. ಅದರ ಮೇಲೆಯೇ ನಾವು ಚಪ್ಪಡಿ ಹಾಕಿಸಿದ್ದೆವು. ಗಡ್ಡೆ ಕೆಳಗಿರುವಾಗ ಮೇಲಿನ ಎಲೆಗೆ ಬಿಸಿನೀರು ಹೊಯ್ದು ಏನು ಪ್ರಯೋಜನ?

ಒಂದು ಒಳ್ಳೆಯ ಮಳೆ ಬಿದ್ದು ಮಣ್ಣು ಸಡಿಲಾದ ಭಾನುವಾರ ಮೂವರೂ ಕೂತೆವು. ಆ ಮೂಲೆಯ ನಾಲ್ಕು ಚಪ್ಪಡಿಗಳನ್ನು ನನ್ನ ಗಂಡ ಮತ್ತು ಪಕ್ಕದ ಮನೆಯಾಕೆಯ ಗಂಡ ಹಾರೆ ಕೊಟ್ಟು ಎತ್ತಿದರು. ಕೆಳಗೆ ಗಡ್ಡೆಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಒಂದಕ್ಕೊಂದು ಅಂಟಿಕೊಂಡು ಹೋಗಿದ್ದವು. ದಾರ ಕಡಿಯದಂತೆ ಬೆರಳಿನಿಂದ ಮಣ್ಣು ಬಿಡಿಸುತ್ತಾ ಎಳೆಯುವುದು ಅತ್ತೆಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಬಂತು. ನಾನು ಸವೆದ ಕುಡುಗೋಲಿನ ತುದಿಯಿಂದ ಉಳಿದ ಸಂದಿಗಳನ್ನೆಲ್ಲ ಎರಡು ಬೆರಳಿನಷ್ಟು ಆಳ ಕೆರೆದೆ. ಅದಕ್ಕೆ ಜಲ್ಲಿ ಕ್ರಷರಿನ ಕಲ್ಲುಪುಡಿ ತುಂಬಿ, ನೀರು ಚಿಮುಕಿಸಿ, ಮರದ ತುಂಡಿನಿಂದ ಗಟ್ಟಿಯಾಗಿ ಒತ್ತಿದೆವು. ನೀರು ಈಗಲೂ ಇಂಗುತ್ತದೆ, ಆದರೆ ಬೇರು ಇಳಿಯಲು ಮೆತ್ತಗಿನ ಮಣ್ಣು ಅಲ್ಲಿಲ್ಲ.

ಗಾಡಿ ತೊಳೆಯುವುದು ಗೇಟಿನ ಹೊರಗೆ ಹೋಯಿತು. ಸಗಣಿಯ ವಿಷಯ ನಾನು ಎತ್ತಲೇ ಇಲ್ಲ. ಬೇಕಾದರೆ ಹುಲ್ಲೇ ಇರಲಿ, ಅವರ ಬೆಳಗಿನ ಕೆಲಸ ನಿಲ್ಲುವುದು ಬೇಡ ಎಂದುಕೊಂಡಿದ್ದೆ. ಆದರೆ ಎರಡು ದಿನದ ನಂತರ ನೋಡಿದರೆ ಅತ್ತೆ ಬಕೆಟ್ಟಿನ ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿ ಸಗಣಿ ನೀರನ್ನು ಸೋಸುತ್ತಿದ್ದರು. ಬಟ್ಟೆಯಲ್ಲಿ ಉಳಿದ ಚರಟವನ್ನು ತಿಪ್ಪೆಗೆ ಕೊಡವಿ ಬಂದು, "ಹಿಂಗ್ ಹಾಕಿದ್ರೆ ರಂಗೋಲಿ ಗೆರೆನೂ ನೈಸಾಗಿ ಬರ್ತದೆ, ನಾರು ಅಡ್ಡ ಬರಲ್ಲ," ಎಂದರು. ಮೊದಲಿನಿಂದಲೂ ಹಾಗೇ ಮಾಡಬೇಕೆಂದಿದ್ದವರ ಹಾಗೆ ಹೇಳಿದರು. ನಾನು ಹೂಂ ಎಂದೆ.

ಹುಲ್ಲು ಪೂರ್ತಿ ನಿಂತಿಲ್ಲ. ಈ ಮಳೆಗಾಲದಲ್ಲೂ ಬಂತು, ಆದರೆ ಹತ್ತು ನಿಮಿಷಕ್ಕೆ ಮುಗಿಯುವಷ್ಟು. ಎರಡೆಲೆ ಇರುವಾಗಲೇ ಬಿಸಿನೀರು ಹೊಯ್ದರೆ ಮುಗಿಯಿತು. ಆಷಾಢದಲ್ಲಿ ಓಣಿಯ ತುದಿಯಲ್ಲಿ, ಯಾವತ್ತೂ ಏನೂ ಬೆಳೆಯದ ಕಡೆ, ಒಂದು ಸಸಿ ಕಾಣಿಸಿಕೊಂಡಿತು. ಎಲೆ ಹಲ್ಲುಹಲ್ಲಾಗಿತ್ತು, ಅಡಿಯಲ್ಲಿ ನಸುಗೆಂಪು. ನಾನು ಕೀಳಲು ಬಗ್ಗಿದೆ.

"ಇರು, ಕೀಳ್ಬೇಡ," ಎಂದರು ಅತ್ತೆ. "ಇದ್ನ ನಾನು ನೋಡೇ ಇಲ್ಲ. ಹೂ ಬಿಡ್ಲಿ, ಏನು ಅಂತ ನೋಡಣ."

ಎಪ್ಪತ್ತು ವರ್ಷ ಇದೇ ಮಣ್ಣಿನಲ್ಲಿ ಓಡಾಡಿದವರು ನೋಡದ ಗಿಡ. ಸುತ್ತ ನಾಲ್ಕು ಕಲ್ಲು ಇಟ್ಟು ಕಾಯ್ದೆವು. ಮೂರು ವಾರಕ್ಕೆ ಅಕ್ಕಿಕಾಳಿನಷ್ಟು ತಿಳಿನೀಲಿ ಹೂ ಬಿಟ್ಟಿತು. ಪಕ್ಕದ ಮನೆಯಾಕೆಯನ್ನು ಕರೆದು ತೋರಿಸಿದೆವು, ಅವಳಿಗೂ ಗೊತ್ತಾಗಲಿಲ್ಲ. ಅತ್ತೆ ಅದರ ಪಕ್ಕ ಕೂತು ಎಲೆ ಕಿವುಚಿ ಮೂಸಿದರು, ನನಗೂ ಮೂಸಲು ಕೊಟ್ಟರು. ಹಸಿ ಸೌತೆಕಾಯಿಯ ವಾಸನೆ. ಬೀಜ ಕಟ್ಟುವ ಮೊದಲು ಅದನ್ನು ಬೇರುಸಮೇತ ಕಿತ್ತದ್ದು ಅವರೇ.